ನೀಲಿ ಕಾರಿನ ಮುಂದಿನ ಸೀಟು

ರವಿಚಂದ್ರ ನಿನ್ನೆ ತಂದಿದ್ದ ಬಿಳಿ ಕಾರಿನ ಮೂತಿಯಲ್ಲಿ ದಾರ ಕಟ್ಟಲು ಜಾಗವಿರಲಿಲ್ಲ. ಇವತ್ತಿನ ಕಡುನೀಲಿ ಕಾರಿನದ್ದೂ ಅದೇ ಕಥೆ. ವನಜಾ ಸೇವಂತಿಗೆ ಹಾರ ಹಿಡಿದುಕೊಂಡು ಕಾರಿನ ಸುತ್ತ ಇನ್ನೊಂದು ಸಲ ಬಂದಳು. ಪೆಟ್ರೋಲ್ ಕಾರಾದರೆ ಮುಂದೆ ಜಾಲರಿ ಇರುತ್ತದೆ. ಅದರೊಳಗೆ ದಾರ ತೂರಿಸಿ ಗಂಟು ಹಾಕಿಬಿಟ್ಟರೆ, ಮದುವೆ ಹೆಣ್ಣು ಗಂಡನ ಮನೆ ಸೇರುವವರೆಗೂ ಹೂವು ಅಲ್ಲಾಡುವುದಿಲ್ಲ. ಈ ಕರೆಂಟು ಕಾರುಗಳ ಮುಖ ಮಾತ್ರ ಆಗತಾನೇ ನೀರು ಹಾಕಿ ಒರೆಸಿದ ಮಗುವಿನ ಕೆನ್ನೆಯ ಹಾಗೆ ನುಣ್ಣಗೆ.

"ಎಲ್ಲಿಗೆ ಕಟ್ಲಿ ಇದನ್ನ? ನಿಮ್ಮ ಕೊರಳಿಗಾ?" ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ರವಿಚಂದ್ರ ನಗಲಿಲ್ಲ. ಕಾರಿನ ಬಾಗಿಲಿಗೆ ಒರಗಿ ನಿಂತಿದ್ದವನು ಅಂಗಿಯ ಕಾಲರ್ ಸರಿಮಾಡಿಕೊಂಡ. "ಕಟ್ಟೋದಾದ್ರೆ ನಾನೇನು ಬ್ಯಾಡ ಅಂದ್ನಾ?"

ಅಂಗಡಿಯೊಳಗೆ ಮಲ್ಲಿಗೆ ಕಟ್ಟುತ್ತಿದ್ದ ವನಜಾಳ ತಾಯಿ ದೇವಿರಮ್ಮ ತಲೆಯೆತ್ತದೆಯೇ ಹೇಳಿದಳು: "ಏನ್ಲಾ ರವಿಚಂದ್ರ, ದಿನಕ್ಕೊಂದು ಕಾರು ತಂದು ನಮ್ಮ ಅಂಗ್ಡಿ ಮುಂದೆ ನಿಲ್ಲುಸ್ತೀಯಲ್ಲ, ಊವು ಕೊಳ್ಳೋರು ಎಲ್ಲಿ ನಿಂತ್ಕಬೇಕ್ಲಾ?"

"ಅವ್ವ, ಇದೇ ಕೊನೆ. ನಾಳೆ ಒಂದು ವಾಪಸ್ ಓಯ್ತದೆ."

ಅವನದು ಭಾರತೀನಗರದಲ್ಲಿ ಮದುವೆ ಕಾರುಗಳ ಬಾಡಿಗೆ. ಈಗಿನ ಹೆಣ್ಣಿನ ಕಡೆಯವರೆಲ್ಲ ಸದ್ದಿಲ್ಲದ ದೊಡ್ಡ ಕಾರು ಕೇಳತೊಡಗಿದ್ದರು. ಮೈಸೂರಿನಲ್ಲಿ ಹಳೆ ಕಾರು ಮಾರುವವನೊಬ್ಬ ಎರಡು ಲಕ್ಷುರಿ ಎಲೆಕ್ಟ್ರಿಕ್ ಸೆಡಾನ್‌ಗಳನ್ನು ಓಡಿಸಿ ನೋಡಲು ಕೊಟ್ಟಿದ್ದ. ನಾಳೆ ಸೋಮವಾರ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸಬೇಕು. ಹೂವು ನಿಲ್ಲದ ಕಾರು ಮದುವೆಗೆ ಬರುವುದಿಲ್ಲ, ಆದ್ದರಿಂದ ವನಜಾ ಹೇಳಿದ್ದೇ ಕೊನೆಯ ಮಾತು ಎಂದು ಅವನ ವಾದ.

ಹೂವಿನ ಅಂಗಡಿಗಳು ಭಾರತೀನಗರದಲ್ಲೂ ಇದ್ದವು. ಅವುಗಳನ್ನು ಬಿಟ್ಟು ಮದ್ದೂರಿನವರೆಗೆ ಯಾಕೆ ಬರುತ್ತಾನೆ ಎಂದು ವನಜಾ ಯೋಚಿಸದೆ ಇರಲಿಲ್ಲ. ಯೋಚಿಸಿ, ತನಗೇಕೆ ಬೇಕು ಎಂದು ಬಿಟ್ಟುಬಿಡುತ್ತಿದ್ದಳು. ಬಿಟ್ಟ ಮೇಲೆ ಮತ್ತೆ ಯೋಚಿಸುತ್ತಿದ್ದಳು. ಕಟ್ಟಿದ ಗಂಟನ್ನು ಎಳೆದು ನೋಡುವುದು, ಆಮೇಲೆ ಸಡಿಲವಾಯಿತೇನೋ ಎಂದು ತಿರುಗಿ ಬಂದು ಇನ್ನೊಮ್ಮೆ ಎಳೆಯುವುದು ಅವಳ ಅಭ್ಯಾಸ.

"ಬಿಳಿ ಕಾರಿನ ಬಾಗಿಲ ಹಿಡಿ ನಿನ್ನೆ ನನ್ನ ದಾರ ನುಂಗ್ತು," ಎಂದಳು ನ್ಯಾಯ ಹೇಳುವವಳ ಹಾಗೆ. "ಲಾಕ್ ಮಾಡಿದ ತಕ್ಷಣ ಹಿಡಿ ಒಳಕ್ಕೆ ಹೋಯ್ತು, ಹಾರ ಕಿತ್ಕೊಂಡು ಕೆಳಗೆ ಬಿತ್ತು. ಇದರ ಹಿಡಿ ಹೊರಗೇ ಇದೆ, ಅದು ವಾಸಿ. ಮೂತಿಗೆ ಎರಡಕ್ಕೂ ರಬ್ಬರ್ ಬಿಲ್ಲೆ ಅಂಟಿಸಿ ಅದರ ಮೇಲೆ ಹೂವು ನಿಲ್ಲಿಸ್ತೀನಿ ಬಿಡಿ."

"ಹಿಂದಿನ ಸೀಟು?"

ವನಜಾ ಗಾಜಿನೊಳಗೆ ಇಣುಕಿದಳು. ಅವಳು ಎಷ್ಟೋ ಮದುವೆ ಕಾರುಗಳಿಗೆ ಹೂವು ಮುಡಿಸಿದ್ದಳು. ಆದರೆ ಒಳಗೆ ಕೂತಿದ್ದು ಒಂದೇ ಒಂದು ಸಲ, ಎಂಟು ವರ್ಷದ ಹಿಂದೆ.

"ಮಳವಳ್ಳಿಗೆ ಮೊಗ್ಗಿನ ಜಡೆ ತಲುಪಿಸ್ಬೇಕು ಅಂದ್ರಲ್ಲ," ಎಂದ ರವಿಚಂದ್ರ. "ಹೆಂಗೂ ಹೋಗ್ಬೇಕು, ಹಿಂದೆ ಕೂತು ನೋಡಿ. ಸೀರೆ ಉಟ್ಟೋರಿಗೆ ಹೆಂಗಿರ್ತದೆ ಅಂತ ನನಗೆ ಗೊತ್ತಾಗಲ್ಲ."

"ನಾನೂ ಬತ್ತೀನಿ," ಎಂದು ದೇವಿರಮ್ಮ ಮಡಿಲಿನ ಹೂವು ಕೊಡವಿ ಎದ್ದಳು. "ದೊಡ್ಡಿ ತಾವ ಇಳುಸ್ಬುಡು. ನಮ್ ತಂಗಿ ಚಿಕ್ಕಬೋರಿ ಮನೆಗೆ ಓಗಿ ಒಂದು ವರ್ಸ ಆಯ್ತು."

ತಾಯಿ ಮುಂದಿನ ಸೀಟಿನಲ್ಲಿ ಕೂತಳು. ಮಗಳು ಜಡೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಕಾರು ಹೊರಟಿದ್ದು ಗೊತ್ತಾಗಲಿಲ್ಲ. ಶಿಂಷಾ ಸೇತುವೆ ಹಿಂದಕ್ಕೆ ಸರಿದಾಗಲೇ ಗೊತ್ತಾಗಿದ್ದು. ಕಬ್ಬು ತುಂಬಿದ ಟ್ರ್ಯಾಕ್ಟರಿನವನಿಗೂ ಹಿಂದೆ ಕಾರಿರುವುದು ಕೇಳಿಸದೆ ರಸ್ತೆಯ ನಡುವೆಯೇ ತೂಗಾಡುತ್ತ ಸಾಗಿದ. "ಇದೊಳ್ಳೆ ಬೆಕ್ಕು ಬಂದಂಗೆ ಬತ್ತದಲ್ಲೋ," ಎಂದು ದೇವಿರಮ್ಮ ಮೆಚ್ಚಿದಳೋ ಬೈದಳೋ ತಿಳಿಯಲಿಲ್ಲ.

ದೇವಿರಮ್ಮ ದೊಡ್ಡಿ ಎನ್ನುವ ಭಾರತೀನಗರದಲ್ಲಿ ಸಕ್ಕರೆ ಕಾರ್ಖಾನೆಯ ಬೆಲ್ಲದ ವಾಸನೆ ಮೂಗಿಗೆ ಬಡಿಯುವಾಗ ಅವಳು ತಂಗಿಯ ಮನೆಯ ಓಣಿಯ ಹತ್ತಿರ ಇಳಿದುಕೊಂಡಳು. ಮುಂದಿನ ಸೀಟು ಖಾಲಿಯಾಯಿತು. ರವಿಚಂದ್ರ ಒಂದು ಕ್ಷಣ ಕಾರು ಬಿಡದೆ ಕಾದ. ವನಜಾ ಕದಲಲಿಲ್ಲ. ಅವನು ಹೊರಟ.

ಆಮೇಲೆ ಆ ಮೌನ. ಇಂಜಿನ್ನಿನ ಗುರುಗುಡುವಿಕೆ ಇಲ್ಲ. ಅವಳು ಬುಟ್ಟಿ ಸರಿಸಿದರೆ ಬಳೆ ಕೇಳುತ್ತಿತ್ತು. ಅವನು ಉಸಿರೆಳೆದರೆ ಅದೂ ಕೇಳುತ್ತಿತ್ತು. ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣನ್ನು ತಾಗಿ, ಬಿಸಿ ತಾಗಿದ ಬೆರಳಿನ ಹಾಗೆ ರಸ್ತೆಗೆ ಹಿಂತಿರುಗುತ್ತಿತ್ತು.

ವನಜಾಗೆ ಮೌನ ಆಗಿಬರುತ್ತಿರಲಿಲ್ಲ. ಕಿರುಗಾವಲಿನ ಆ ಗಂಡನ ಮನೆಯಲ್ಲಿ ಯಾರೂ ಅವಳ ಮೇಲೆ ಕೈ ಮಾಡಿರಲಿಲ್ಲ. ಯಾರೂ ಅವಳೊಡನೆ ಮಾತಾಡಿರಲೂ ಇಲ್ಲ. ಗಂಡ ಎನ್ನಿಸಿಕೊಂಡವನು ತಟ್ಟೆಯ ಮುಂದೆ ಕೂರುವಾಗಲೂ ಗೋಡೆ ನೋಡಿಕೊಂಡೇ ಕೂರುತ್ತಿದ್ದ. ವರ್ಷವೊಂದು ಕಳೆದ ಮೇಲೆ ಅವಳು ಬ್ಯಾಗು ಹಿಡಿದು ಬಸ್ಸು ಹತ್ತಿದಳು. ಕೋರ್ಟಿನಲ್ಲೂ ಆತ ಹೆಚ್ಚೇನೂ ಮಾತಾಡಲಿಲ್ಲ.

"ಸದ್ದಿಲ್ಲದ ಕಾರು ಮದುವೆಗೆ ಬೇಡ," ಎಂದಳು ತಟ್ಟನೆ.

"ಯಾಕೆ?"

"ಹೆಣ್ಣುಮಕ್ಕಳು ತವರು ಬಿಟ್ಟು ಬರುವಾಗ ಅಳ್ತಾರೆ. ಅಳೋದಕ್ಕೆ ಒಂಚೂರು ಸದ್ದು ಬೇಕಾಗ್ತದೆ, ಅದರ ಮರೇಲಿ ಅಳ್ಬೋದು. ಇದರಲ್ಲಿ ಕೂತ್ರೆ ಎಲ್ಲರಿಗೂ ಕೇಳಿಸ್ತದೆ."

ರಸ್ತೆಯ ಎರಡೂ ಕಡೆ ಕಬ್ಬಿನ ಸೂಲಂಗಿ ಹೂವು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

ಅವಳೇ ಮುಂದುವರಿಸಿದಳು. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದದ್ದು ಈ ಸದ್ದಿಲ್ಲದ ಕಾರಿನಲ್ಲಿ ಹೊರಗೆ ಬಂತು. "ಅವತ್ತು ನೀವೇ ಅಲ್ವಾ ನನ್ನ ಮದುವೆ ಕಾರು ಓಡ್ಸಿದ್ದು? ನಾನು ಅಳ್ತಿದ್ರೆ ಹಾಡು ಜೋರು ಮಾಡಿದ್ರಿ. ಎಂಥಾ ಕಲ್ಲುಮನಸ್ಸಿನ ಡ್ರೈವರ್ ಇವನು ಅಂದ್ಕೊಂಡೆ. ಈಗ್ಲೂ ಒಂದೊಂದ್ಸಲ ಅಂದ್ಕೋತೀನಿ."

ಅವನು ಕಾರನ್ನು ನಿಧಾನವಾಗಿ ಹುಣಸೆಮರದ ನೆರಳಿಗೆ ತಂದು ನಿಲ್ಲಿಸಿದ. ತಿರುಗಿ ನೋಡಲಿಲ್ಲ. ಸ್ಟೇರಿಂಗಿಗೇ ಹೇಳುವವನ ಹಾಗೆ ಹೇಳಿದ.

"ಮುಂದೆ ನನ್ನ ಪಕ್ಕದಲ್ಲಿ ಗಂಡಿನ ದೊಡ್ಡಪ್ಪ ಕೂತಿದ್ರು. 'ಇದೇನ್ಲಾ ಇವಳು, ಸಾವಿನ ಮನೆಗೆ ಓಗೋಳಂಗೆ ಅಳ್ತಾವ್ಳೆ. ಮೊದಲನೇ ದಿನವೇ ಅಪಶಕುನ' ಅಂತ ನನ್ನ ಕಿವಿ ಹತ್ರ ಶುರುಮಾಡಿದ್ರು. ಇನ್ನೂ ಏನೇನೋ ಅಂದ್ರು. ನಿಮ್ಮ ಕಿವಿಗೆ ಬೀಳ್ಬಾರ್ದು ಅಂತ ಹಾಡು ಜೋರು ಮಾಡ್ದೆ. ಅದು ಬಿಟ್ಟು ಬೇರೇನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಕಾರು ತಿರುಗಿಸಿಬಿಡ್ಲಾ ಅಂತಾನೂ ಅನ್ನಿಸ್ತು. ಬಾಡಿಗೆ ಡ್ರೈವರ್, ಹೆಂಗೆ ತಿರುಗಿಸ್ಲಿ?"

ವನಜಾ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸುಮ್ಮನೆ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಇದನ್ನ ಯಾಕೆ ಹೇಳ್ಲಿಲ್ಲ?"

"ನೀವು ಮಾತಾಡ್ಸೋದೇ ಕಾರಿನ ಹೂವಿನ ವಿಷ್ಯಕ್ಕೆ. ಅದಕ್ಕೇ ಕಾರು ತಗೊಂಡು ತಗೊಂಡು ಬತ್ತಿದ್ದೆ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಸದ್ದು ಮಾಡಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೇಳಿಸಿಯೇ ಕೇಳಿಸಿತು. ಅವನ ಕೈ ಹಾಡು ಹಾಕಲು ಪರದೆಯ ಕಡೆ ಹೋಯಿತು, ಅರ್ಧಕ್ಕೆ ನಿಂತಿತು, ತಿರುಗಿ ತೊಡೆಯ ಮೇಲೆ ಬಂತು. ಈ ಸಲ ಅವನು ಅವಳ ಅಳುವನ್ನು ಮುಚ್ಚಲಿಲ್ಲ. ಮುಗಿಯುವವರೆಗೆ ಕಾದ.

ಮಳವಳ್ಳಿಯಲ್ಲಿ ಅಂಬೇಡ್ಕರ್ ಭವನದ ಹಿಂದಿನ ಮನೆಗೆ ಜಡೆ ತಲುಪಿಸಿದಾಗ ಮದುವೆ ಹೆಣ್ಣೇ ಬಂದು ಇಸಕೊಂಡಳು. ಬುಟ್ಟಿ ತೆರೆದು, "ಅಕ್ಕ, ನೀವೂ ಇಂಥದ್ದನ್ನೇ ಮುಡ್ಕೊಂಡಿದ್ರಾ?" ಎಂದು ಕೇಳಿದಳು.

"ಇಲ್ಲ ಕಣಮ್ಮ. ನಂದು ಗಂಡಿನ ಕಡೆಯೋರು ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹೂವಿಂದು," ಎಂದಳು ವನಜಾ. ಹೇಳುವಾಗ ಎಂದಿನ ಹಾಗೆ ಎದೆ ಹಿಂಡಲಿಲ್ಲ. ಅದನ್ನು ತಾನೇ ಗಮನಿಸಿ ಬೆರಗಾದಳು.

ಹೊರಗೆ ಬಂದಾಗ ರವಿಚಂದ್ರ ಅವಳಿಗಾಗಿ ಹಿಂದಿನ ಬಾಗಿಲು ತೆರೆದು ನಿಂತಿದ್ದ.

ವನಜಾ ಕಾರಿನವರೆಗೆ ನಡೆದಳು, ನಿಂತಳು. ಸರಿಯೋ ತಪ್ಪೋ ಎಂದು ಎಳೆದು ನೋಡುವ ಅದೇ ಹಳೆಯ ಅಭ್ಯಾಸ ಬೆರಳ ತುದಿಯವರೆಗೂ ಬಂತು. ಅವನು ತೆರೆದಿದ್ದ ಬಾಗಿಲನ್ನು ಮೆಲ್ಲನೆ ಮುಚ್ಚಿದಳು. ಮುಂದಿನದನ್ನು ತೆರೆದು ಕೂತಳು.

ಅವನು ಬಂದು ಸ್ಟೇರಿಂಗ್ ಹಿಡಿದ. ಎಲ್ಲಿ ನೋಡಬೇಕೆಂದು ತಿಳಿಯದೆ ಮುಂದಿನ ಗಾಜನ್ನೇ ನೋಡಿದ. "ಹಂಗಾದ್ರೆ... ಯಾವುದು ತಗೊಳ್ಲಿ?"

"ಹಿಂದೆ ಕೂರೋರಿಗೆ ಬಿಳೀದೇ ಚೆಂದ. ನಿನ್ನೆ ಹಿಂದಿನ ಬಾಗಿಲಿಗೆ ಹೂವು ಕಟ್ಟುವಾಗ ನೋಡ್ದೆ, ಕಾಲು ಚಾಚ್ಬೋದು. ಇದರಲ್ಲಿ ಮೊಣಕಾಲು ಮೇಲಕ್ಕೆ ಬರ್ತವೆ, ಸೀರೆ ನೆರಿಗೆ ಮುದುರ್ತದೆ."

"ಸರಿ, ಬಿಳೀದೇ." ದನಿ ಚಿಕ್ಕದಾಗಿತ್ತು.

"ಪೂರ್ತಿ ಕೇಳಿ. ಬಿಳೀದರ ಮುಂದಿನ ಸೀಟು ನಾನಿನ್ನೂ ನೋಡಿಲ್ಲ. ನೋಡದೆ ಹೆಂಗೆ ಹೇಳ್ಲಿ? ನಾಳೆ ಬೆಳಿಗ್ಗೆ ವಾಪಸ್ ಕೊಡೋಕೆ ಮುಂಚೆ ಅದನ್ನೂ ತನ್ನಿ."

"ಮದುವೆ ಕಾರಲ್ಲಿ ಹೆಣ್ಣು ಹಿಂದೆ ಅಲ್ವಾ ಕೂರೋದು?"

ವನಜಾ ಸೀಟ್ ಬೆಲ್ಟ್ ಎಳೆದುಕೊಂಡಳು. ಹಾಕಿದ ಮೇಲೆ ಅದನ್ನೂ ಒಮ್ಮೆ ಎಳೆದು ನೋಡಿದಳು. ಕಿವಿಯವರೆಗೂ ಕೆಂಪಾಗಿ, ಆದರೆ ತಡವರಿಸದೆ ಹೇಳಿದಳು: "ಗಂಡೇ ಕಾರು ಓಡ್ಸಿದ್ರೆ?"

ಅವನು ಕೂತೇ ಇದ್ದ. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು.

"ಹೊರಡಿ ಮತ್ತೆ."

"ಕಾರು ಆನ್ ಆಗಿದೆಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ ವನಜಾ," ಎಂದ ಅವನು. ಇಬ್ಬರೂ ನಕ್ಕರು.

ದಾರಿಯುದ್ದಕ್ಕೂ ಅವರು ಹೆಚ್ಚು ಮಾತಾಡಲಿಲ್ಲ. ಮೌನ ಅದೇ ಇತ್ತು, ಆದರೆ ಗೋಡೆ ನೋಡಿಕೊಂಡು ಕೂತವರ ಮೌನವಲ್ಲ. ಗೇರ್ ಇಲ್ಲದ ಕಾರಿನಲ್ಲಿ ಅವನ ಎಡಗೈಗೆ ಕೆಲಸವಿರಲಿಲ್ಲ. ಅದು ಇಬ್ಬರ ನಡುವೆ ಸುಮ್ಮನೆ ಇತ್ತು. ಸ್ವಲ್ಪ ದೂರ ಹೋದ ಮೇಲೆ ವನಜಾ ತನ್ನ ಕೈಯನ್ನು ಅದರ ಪಕ್ಕದಲ್ಲಿಟ್ಟಳು. ಭಾರತೀನಗರ ಬರುವಷ್ಟರಲ್ಲಿ ಪಕ್ಕದಲ್ಲಿದ್ದದ್ದು ಮೇಲೆ ಬಂದಿತ್ತು.

ಓಣಿಯ ಬಾಯಲ್ಲಿ ದೇವಿರಮ್ಮ ತಂಗಿ ಕೊಟ್ಟ ಸೊಪ್ಪಿನ ಗಂಟು ಹಿಡಿದು ಕಾಯುತ್ತಿದ್ದಳು. ಬರುವಾಗ ಕೂತಂತೆಯೇ ಮುಂದಿನ ಬಾಗಿಲಿಗೆ ಕೈ ಹಾಕಲು ಬಂದವಳು ಗಾಜಿನೊಳಗೆ ಮಗಳನ್ನು ಕಂಡಳು. ಮಗಳ ಮುಖವನ್ನು ನೋಡಿದಳು. ಅವನ ಮುಖವನ್ನೂ ನೋಡಿದಳು. ಏನೂ ಕೇಳದೆ ಹಿಂದಿನ ಬಾಗಿಲು ತೆರೆದು, ಸೊಪ್ಪಿನ ಗಂಟನ್ನು ಪಕ್ಕಕ್ಕಿಟ್ಟು, ಸೀರೆ ಸರಿಮಾಡಿಕೊಂಡು ಕೂತಳು.

ಕಾರು ಹೊರಟು ಕಾರ್ಖಾನೆ ದಾಟಿದ ಮೇಲೆ ಹಿಂದಿನಿಂದ ಅವಳ ದನಿ ಬಂತು.

"ಮೊಣಕಾಲು ಮೇಲಕ್ಕೆ ಬತ್ತವೆ ಕಣ್ಲಾ. ಇರ್ಲಿ ಬುಡು. ಇನ್ಮೇಲೆ ಇಂದ್ಗಡೆ ಕೂರೋಳು ನಾನೇ ತಾನೆ, ಅಭ್ಯಾಸ ಮಾಡ್ಕತೀನಿ."