ಸುಗ್ಗಿಹಬ್ಬದ ಪರಂಗಿ ಹಣ್ಣು

ಗಿಡದಲ್ಲಿ ಹಣ್ಣಿರಲಿಲ್ಲ! ಹಬ್ಬದ ರೇಷ್ಮೆ ಸೀರೆಯುಟ್ಟು ಹಿತ್ತಲಿಗೆ ಬಂದ ಪ್ರೇಮಲೀಲಮ್ಮ ಮತ್ತೊಮ್ಮೆ ಕತ್ತೆತ್ತಿ ನೋಡಿದರು. ಸುಗ್ಗಿಹಬ್ಬದ ಆರಾಧನೆಗೆಂದು ತಿಂಗಳಿಂದ ಬಟ್ಟೆ ಸುತ್ತಿ, ಅಳಿಲಿನ ಬಾಯಿಂದ ಕಾಪಾಡಿದ್ದ ಪರಂಗಿ ಹಣ್ಣು... ಬಟ್ಟೆ ಮಾತ್ರ ನೇತಾಡುತ್ತಿತ್ತು.

ಕೆಸರೆಯ ಅವರ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಮನೆಮನೆಯ ಮೊದಲ ಫಲವನ್ನು ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಹರಾಜು ಹಾಕುತ್ತಾರೆ. ಹನ್ನೊಂದು ವರ್ಷದಿಂದ ಮೊದಲ ಕೂಗು ಪ್ರೇಮಲೀಲಮ್ಮನ ಪರಂಗಿಗೇ. ಸಭಾಪಾಲಕರು ಹೆಸರು ಹೇಳಿದಾಗ ರೇಷ್ಮೆ ಸೆರಗು ಸರಿಮಾಡಿಕೊಂಡು ಎದ್ದುನಿಲ್ಲುವ ಗಳಿಗೆಯಿದೆಯಲ್ಲ, ಅದಕ್ಕಾಗಿಯೇ ಅವರು ವರ್ಷವಿಡೀ ಗಿಡಕ್ಕೆ ನೀರು ಹೊಯ್ಯುತ್ತಿದ್ದರು ಎಂದರೆ ತಪ್ಪಲ್ಲ. ಭಕ್ತಿಯೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಭಕ್ತಿಯ ಪಕ್ಕದಲ್ಲೇ ಜಂಬವೂ ಒಂದು ಕುರ್ಚಿ ಹಾಕಿಕೊಂಡು ಕೂತಿತ್ತು, ಅಷ್ಟೆ.

ಮಗ ಹರೀಶ್ ತಲೆ ತಗ್ಗಿಸಿ ನಿಜ ಹೇಳಿದ. ಹಣ್ಣು ಕೊಯ್ದದ್ದು ಅವನ ಹೆಂಡತಿ ವಾಣಿ, ಪಕ್ಕದ ಮನೆಯ ಪುಟ್ಟಬಸಮ್ಮನಿಗಾಗಿ.

ಪುಟ್ಟಬಸಮ್ಮ! ಕಾಂಪೌಂಡ್ ಗೋಡೆಯ ಜಗಳವಾಗಿ ಒಂಬತ್ತು ವರ್ಷದಿಂದ ಮಾತು ಬಿಟ್ಟ ಹೆಂಗಸು. ಈಗ ಗಂಟಲಿನ ಕಾಯಿಲೆಯಾಗಿ ಹಾಸಿಗೆ ಹಿಡಿದಿದ್ದಳು. ಭಾನುವಾರ ಅವಳನ್ನು ನೋಡಿಕೊಳ್ಳುವ ಆಯಾಗೆ ರಜೆ; ಮಗ ಶಿವಶಂಕರನಿಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಪಾಳಿ. ಅದಕ್ಕೇ ವಾಣಿ ಆರು ಭಾನುವಾರಗಳಿಂದ ಆರಾಧನೆ ತಪ್ಪಿಸಿ ಅಲ್ಲಿ ಕೂರುತ್ತಿದ್ದಳು. ಸ್ತ್ರೀಯರ ಕೂಟದ ಅಧ್ಯಕ್ಷೆಯ ಸೊಸೆಯೇ ಚರ್ಚಿಗೆ ಬರುವುದಿಲ್ಲವೆಂದರೆ ನಾಲ್ಕು ಜನ ಏನೆಂದುಕೊಳ್ಳಬೇಕು? ಪ್ರೇಮಲೀಲಮ್ಮ ಬೈದು, ಅತ್ತು, ಊಟ ಬಿಟ್ಟು ನೋಡಿದ್ದರು. ಈಗ ಒಂದೇ ಮಾತು ಹೇಳಿದರು.

"ಇವತ್ತು ಅವಳು ಚರ್ಚಿಗೆ ಬರ್ಬೇಕು, ಇಲ್ಲ ಹುಣಸೂರಿಗೆ ತವರಿಗೆ ಹೊರಡ್ಬೇಕು. ನಾನೇ ಹೋಗಿ ಹೇಳ್ತೀನಿ, ನೀನು ಸುಮ್ನಿರು."

ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದರು. ಗಟ್ಟಿಮುಟ್ಟಾಗಿದ್ದ ಪುಟ್ಟಬಸಮ್ಮ ಒಂದು ಹಿಡಿಯಾಗಿ ಗೋಡೆಗೊರಗಿದ್ದಳು. ವಾಣಿ ಹಣ್ಣನ್ನು ಕಿವುಚಿ, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಬಾಯಿಗಿಡುತ್ತಿದ್ದಳು. ಪ್ರೇಮಲೀಲಮ್ಮನನ್ನು ಕಂಡದ್ದೇ ಪುಟ್ಟಬಸಮ್ಮ ಕೈ ಜೋಡಿಸಿದಳು.

"ನಾಕು ದಿನದಿಂದ ಗಂಜಿನೂ ಇಳೀತಿರ್ಲಿಲ್ಲ ಕಣಕ್ಕ... ಇದು ಇಳೀತು. ದೇವ್ರಿಗೆ ಇಟ್ಟಿದ್ದ ಹಣ್ಣಂತೆ. ನೀವೇ ಕೊಟ್ಟು ಕಳ್ಸಿದ್ರಂತೆ, ವಾಣಿ ಹೇಳಿದ್ಲು. ನಾನು ನಿಮ್ಗೆ ಏನೇನೆಲ್ಲ ಅಂದ್ಬುಟ್ಟಿದ್ದೆ..."

ವಾಣಿ ಮುಖವೆತ್ತಲಿಲ್ಲ. ಹೇಳದೆ ಕೊಯ್ದ ಹಣ್ಣಿನ ಒಳ್ಳೆಯ ಹೆಸರನ್ನು ಅತ್ತೆಗೇ ಕೊಟ್ಟುಬಿಟ್ಟಿದ್ದಳು ಆ ಹುಡುಗಿ! 'ಫಲವುಳ್ಳ ಕ್ರೈಸ್ತ ಜೀವನ' ಎಂದು ಕೂಟದಲ್ಲಿ ಮುಕ್ಕಾಲು ಗಂಟೆ ಮಾತಾಡಿ ಪ್ರೇಮಲೀಲಮ್ಮ ಚಪ್ಪಾಳೆ ಗಿಟ್ಟಿಸಿದ್ದು ಹೋದ ತಿಂಗಳಷ್ಟೇ. ಗೋಡೆಯಾಚೆ ಒಂದು ಜೀವ ನವೆಯುತ್ತಿದ್ದದ್ದು ಆಗಲೂ ಗೊತ್ತಿತ್ತು... ಗೊತ್ತಿದ್ದೂ ಸುಮ್ಮನಿದ್ದರು. ಈಗಲೂ ಹೂಂ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾನು ಕಳಿಸ್ಲಿಲ್ಲ ಪುಟ್ಟಬಸಮ್ಮ. ನನ್ನ ಸೊಸೆ ತಂದಿದ್ದು. ನಾನು... ನಾನು ಅವಳನ್ನ ಬಯ್ಯೋಕೆ ಬಂದೆ."

ಹಾಗೆಂದು ಅಲ್ಲೇ ಕೂತು ಅತ್ತರು. ವಾಣಿಯೂ ಅತ್ತಳು. ಸ್ವಲ್ಪ ಹೊತ್ತಿಗೆ ಪ್ರೇಮಲೀಲಮ್ಮ ಕಣ್ಣೊರೆಸಿಕೊಂಡು ಸೊಸೆಯ ಕೈಯಿಂದ ಬಟ್ಟಲು ತೆಗೆದುಕೊಂಡರು.

"ಹೊತ್ತಾಯ್ತು, ಹರೀಶನ ಜೊತೆ ನೀನು ಹೋಗಮ್ಮ. ಆರು ವಾರ ಆಯ್ತು ನೀನು ಚರ್ಚಲ್ಲಿ ಹಾಡಿ. ಇನ್ಮೇಲೆ ಒಂದು ಭಾನುವಾರ ನಿಂದು, ಒಂದು ನಂದು."

"ಹರಾಜಲ್ಲಿ ನಿಮ್ಮ ಹೆಸ್ರು ಕೂಗ್ತಾರಲ್ಲ ಅತ್ತೆ..."

"ಕೂಗ್ಲಿ ಬುಡು."

ವಾಣಿ ಹೋದ ಮೇಲೆ ಚರ್ಚಿನ ಗಂಟೆ ಕೇಳಿಸಿತು. ಅಭ್ಯಾಸವಿಲ್ಲದ ಕೈಯಲ್ಲಿ ಚಮಚ ವಾಲಿ, ಹಣ್ಣು ಪುಟ್ಟಬಸಮ್ಮನ ಗಲ್ಲದ ಮೇಲೆ ಜಾರಿತು. ಪ್ರೇಮಲೀಲಮ್ಮ ಸೆರಗಿನಿಂದಲೇ ಒರೆಸಿದರು.

"ರೇಷ್ಮೆ ಸೀರೆ ಕಣಕ್ಕ, ಕಲೆ ಆಯ್ತದೆ" ಎಂದಳು ಪುಟ್ಟಬಸಮ್ಮ.

"ಆಗ್ಲಿ. ನೀನು ಬಾಯಿ ತೆಗಿ" ಎಂದರು ಪ್ರೇಮಲೀಲಮ್ಮ.