ಅತ್ತರ್ ಹಚ್ಚದ ಕೈ

"ಅತ್ತರ್ ಹಚ್ಕೊಂಡು ಬಂದೀರೇನ್ರೀ, ನೌಮಾನ್ ಸರ್?"

ಸುಮೈರಾ ಕಿರುಚಿದ್ದು ಹರಿಹರದ ಹೊಳೆದಂಡೆಯ ಆ ತೋಟದಲ್ಲಿದ್ದ ಎಲ್ಲರಿಗೂ ಕೇಳಿಸಿತು. ಆಗಷ್ಟೇ ಪೆಟ್ಟಿಗೆಯಿಂದ ಜೇನುಹುಳುಗಳು ರೊಚ್ಚಿಗೆದ್ದು ಬಂದು ಪುಟ್ಟ ನಯನಾಳ ಕೆನ್ನೆಗೆ, ಕಿವಿಗೆ ಕುಟುಕಿದ್ದವು. ಮಗುವನ್ನು ಎದೆಗವಚಿಕೊಂಡು ಓಡಿದವನು ನೌಮಾನ್. ಅವನ ಕತ್ತೂ ಕೆಂಪಗೆ ಊದಿತ್ತು. ಸುಮೈರಾ ಅದನ್ನು ನೋಡಿಯೂ ನೋಡಲಿಲ್ಲ.

ದಾವಣಗೆರೆಯ ಮಕ್ಕಳಿಗೆ ಜೇನು, ಚಿಟ್ಟೆ, ದುಂಬಿಗಳ ಬಗ್ಗೆ ಹೇಳಿಕೊಡುವ ಬೇಸಿಗೆ ಶಿಬಿರ ಅವಳದು. ಬಾಟನಿ ಓದಿ, ಮನೆಯವರನ್ನು ಒಪ್ಪಿಸಿ, ಒಬ್ಬಳೇ ಕಟ್ಟಿದ್ದು. ಪೆಟ್ಟಿಗೆ ತೋರಿಸಲು ಮಕ್ಕಳನ್ನು ಹರಿಹರದ ತಮ್ಮದೇ ತೋಟಕ್ಕೆ ಕರೆತಂದಿದ್ದಳು. ನಾಳೆ ಸಮಾರೋಪ. ಇವತ್ತೇ ಹೀಗಾಗಬೇಕೆ?

ನೌಮಾನ್ ಶಿಬಿರದಲ್ಲಿ ಚಿತ್ರ ಕಲಿಸುವವನು. ಮಂಡಿಪೇಟೆಯಲ್ಲಿ ಅವನ ಅಬ್ಬಾನ ಅತ್ತರ್ ಅಂಗಡಿ. ಮೊದಲ ದಿನ ಅವನು ಒಳಗೆ ಬರುವ ಮೊದಲೇ ಘಮ ಒಳಗೆ ಬಂದಿತ್ತು.

"ಈ ಘಮಕ್ಕೆ ಹುಳ ತಲೆ ಕೆಡಿಸ್ಕೊಂತಾವೆ ಸರ್," ಎಂದಿದ್ದಳು.

"ಹುಳ ಮಾತ್ರಾನಾ ಮೇಡಂ?" ಎಂದು ಅವನು ಕಣ್ಣಲ್ಲೇ ನಕ್ಕಿದ್ದ.

ಮರುದಿನದಿಂದ ಘಮವಿಲ್ಲ. ಕಣ್ಣಿನ ನಗು ಮಾತ್ರ ಬಿಟ್ಟಿರಲಿಲ್ಲ. ನಿನ್ನೆ ಹೊರಡುವಾಗ, "ನಾಳೆ ನಿಮ್ಮ ಹತ್ರ ಒಂದು ಮಾತು ಕೇಳೋದೈತೆ," ಎಂದಿದ್ದ. ಅದೇನೆಂದು ಅವಳಿಗೆ ಗೊತ್ತಿತ್ತು. ರಾತ್ರಿಯೆಲ್ಲ ಉತ್ತರವನ್ನು ಬಾಯಲ್ಲಿಟ್ಟುಕೊಂಡೇ ಹೊರಳಾಡಿದ್ದಳು. ಬೆಳಿಗ್ಗೆ ಅವನು ಹೊಸ ಜುಬ್ಬಾ ಹಾಕಿಕೊಂಡು ಬಂದಾಗ ಅವಳ ಎದೆ ಹಾರಿತ್ತು. ಈಗ ಆ ಜುಬ್ಬಾವನ್ನೇ ನೋಡಿ ಮೈ ಉರಿಯಿತು. ಮದುವಣಿಗನ ಹಾಗೆ ಸಿಂಗರಿಸಿಕೊಂಡು ಬಂದವನು ಅತ್ತರ್ ಬಿಟ್ಟಿರುತ್ತಾನೆಯೇ?

ನೌಮಾನ್ ಪೆಟ್ಟಿಗೆಯ ಕಡೆ ನೋಡಿದ. ಆಮೇಲೆ ಅವಳನ್ನು ನೋಡಿದ.

"ಹೌದು ಮೇಡಂ. ತಪ್ಪಾತು."

ಮಕ್ಕಳ ಜೊತೆ ಬಂದಿದ್ದ ನಯನಾಳ ತಾಯಿ ರೇವತಿ ಬಿಡಲಿಲ್ಲ. "ನಾಳೆ ಇವ್ರು ಬಂದ್ರೆ ನಮ್ಮ ಮಕ್ಳು ಯಾರೂ ಬರಲ್ಲ, ಹೇಳಿರ್ತೀನಿ!"

ಅವನಿಗಾಗಿ ಒಂದು ಮಾತೂ ಸುಮೈರಾಳ ಬಾಯಿಂದ ಬರಲಿಲ್ಲ. ಅವನು ಪೆಟ್ಟಿಗೆಗಳ ಕಡೆ ಹೋಗಿ, ಬಣ್ಣದ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟೇಬಿಟ್ಟ. ಚೀಲ ಯಾಕೋ ಉಬ್ಬಿತ್ತು.

ಡಾಕ್ಟರು ಮಗುವಿಗೆ ಭಯವಿಲ್ಲ ಅಂದಮೇಲೆ ಸುಮೈರಾಳಿಗೆ ಉಸಿರು ಬಂತು. ಸಂಜೆ ತೋಟದ ಮನೆಯಲ್ಲಿ ಅವಳು ತಲೆ ಹಿಡಿದು ಕೂತಿದ್ದಾಗ ತಾಯಿ ಮಾಬೂಬೀ ಚಹಾ ತಂದಿಟ್ಟರು.

"ಬಾಳೆಹಣ್ಣು ಮಕ್ಳು ತಿನ್ಲೇ ಇಲ್ವಾ ಬೇಟಾ?"

"ಯಾವ ಬಾಳೆಹಣ್ಣು, ಅಮ್ಮಿ?"

"ಮನೆಗೆ ಬಂದ ಮಕ್ಳನ್ನ ಬರಿಗೈಲಿ ಕಳ್ಸಾಕಾಗ್ತದಾ? ಬೆಳಿಗ್ಗೇನೇ ನೆಳ್ಳಿಗಿರ್ಲಿ ಅಂತ ಆ ಪೆಟ್ಟಿಗೆ ಕೆಳಗೆ ಚೀಲ ಇಟ್ಟಿದ್ದೆ. ಸೆಕೆಗೆ ಪೂರಾ ಹಣ್ಣಾಗಿದ್ವು. ಆ ಚಿತ್ರದ ಹುಡ್ಗ ಗೇಟ್ ಹತ್ರ ಸಿಕ್ದ, ಅವನ ಚೀಲದಾಗಿದ್ವು. ಯಾರ ಮುಂದೂ ಇದ್ರ ಸುದ್ದಿ ಎತ್ಬ್ಯಾಡ್ರಿ ಅಂದ. ನಿನ್ನ ಮುಂದೆ ಹೇಳಿದ್ರೆ ಏನಾಗ್ತೈತೆ?"

ಸುಮೈರಾ ಎತ್ತಿದ ಚಹಾವನ್ನು ಹಾಗೇ ಕೆಳಗಿಟ್ಟಳು.

ಜೇನುಹುಳು ಕುಟುಕಿದಾಗ ಹೊಮ್ಮುವ ವಾಸನೆಯೂ ಮಾಗಿದ ಬಾಳೆಹಣ್ಣಿನ ವಾಸನೆಯೂ ಹೆಚ್ಚುಕಡಿಮೆ ಒಂದೇ. ಪೆಟ್ಟಿಗೆಯ ಹತ್ತಿರ ಆ ವಾಸನೆ ಬಂದರೆ, ದಾಳಿಯಾಗಿದೆ ಎಂದುಕೊಂಡು ಹುಳುಗಳು ಮೇಲೇಳುತ್ತವೆ. ಶಿಬಿರದ ಮೊದಲ ಪಾಠವೇ ಅದು. ಆ ಪಾಠಕ್ಕೆ ಬಾಳೆಹಣ್ಣಿನ ಚಿತ್ರ ಬರೆದು ಮೇಲೆ ಕೆಂಪು ಗೀಟು ಎಳೆದವನು ನೌಮಾನ್. ಊರ ಮಕ್ಕಳಿಗೆಲ್ಲ ಪಾಠ ಹೇಳಿದ ಸುಮೈರಾ, ಮನೆಯಲ್ಲಿದ್ದ ಅಮ್ಮಿಗೆ ಮಾತ್ರ ಒಂದು ಮಾತು ಹೇಳಿರಲಿಲ್ಲ.

ಸತ್ಯ ಹೇಳಿದರೆ ಶಿಬಿರ ಮುಳುಗಬಹುದು. ಹೇಳದಿದ್ದರೆ ಆ ಮನುಷ್ಯನ ಮುಖ ನೋಡುವ ಯೋಗ್ಯತೆ ತನಗಿಲ್ಲ. ಅವಳು ಫೋನ್ ಎತ್ತಿಕೊಂಡಳು.

"ರೇವತಿ ಮೇಡಂ, ತಪ್ಪು ನಮ್ದು. ಪೆಟ್ಟಿಗೆ ಕೆಳಗೆ ಬಾಳೆಹಣ್ಣಿದ್ವು. ಸರ್‌ದು ಏನೂ ಇಲ್ಲ."

ಆ ಕಡೆ ರೇವತಿಯ ದನಿ ಏರಿತು. "ಅವ್ರೇ ಹೌದು ಅಂದ್ರಲ್ರೀ?"

"ಸುಳ್ಳು ಹೇಳಿದ್ರು."

"ಯಾಕ?"

"ಅದನ್ನೇ ಅವ್ರನ್ನ ಕೇಳಾಕೆ ಹೊಂಟೀನಿ," ಎಂದಳು ಸುಮೈರಾ. ರೇವತಿ, "ನಾಳೆ ಇದನ್ನ ಎಲ್ರ ಮುಂದೆ ಹೇಳ್ರಿ. ಆಮೇಲೆ ನೋಡೋಣ," ಎಂದಳು. ಫೋನಿಡುವ ಮೊದಲು ಸ್ವಲ್ಪ ಮೆತ್ತಗಾಗಿ, "ನಯನಾ ಆಗ್ಲಿಂದ ಒಂದೇ ಸಮ ಕೇಳ್ತೈತೆ, ಸರ್‌ಗೆ ಉರಿ ಹೋಯ್ತಾ ಅಂತ," ಎಂದಳು.

ಸ್ಕೂಟಿ ದಾವಣಗೆರೆ ಮುಟ್ಟಿದ್ದು ಹೇಗೋ ಅವಳಿಗೆ ಗೊತ್ತಿಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ ನೌಮಾನ್ ಒಬ್ಬನೇ ಇದ್ದ. ಗಾಜಿನ ಶೀಷೆಗಳ ಹಿಂದೆ ತಲೆ ತಗ್ಗಿಸಿ ಕೂತಿದ್ದವನು ಅವಳನ್ನು ನೋಡಿ ಥಟ್ಟನೆ ಎದ್ದ. ನಗಲಿಲ್ಲ. ಅವಳು ಆ ನಗುವಿಗೆ ಎಷ್ಟು ಒಗ್ಗಿಹೋಗಿದ್ದಳೆಂದರೆ, ಅದಿಲ್ಲದ ಮುಖ ನೋಡಿ ಅಳುವೇ ಬಂತು.

"ಸುಳ್ಳು ಯಾಕ ಹೇಳಿದ್ರಿ?"

"ನನ್ನ ಹೆಸ್ರು ಕೆಟ್ರೆ ಅಂಗಡಿ ಐತೆ. ನಿಮ್ಮ ಹೆಸ್ರು ಕೆಟ್ರೆ ಮುಂದಿನ ಬೇಸಿಗೆಗೆ ಮಕ್ಳೇ ಬರಲ್ಲ."

"ನನ್ನ ಕೇಳ್ದೆ, ನನ್ನ ಸಲುವಾಗಿ ಹಿಂಗೆಲ್ಲ ಮಾಡಾಕೆ ನೀವು ನನಗೆ ಯಾರ್ರೀ?"

ಸಿಟ್ಟಿಗೆ ಅಂದಿದ್ದು. ನೌಮಾನ್ ಮೆಲ್ಲಗೆ ಹೇಳಿದ, "ಅದನ್ನೇ ಇವತ್ತು ಕೇಳೋಣ ಅಂತ ಬಂದಿದ್ದೆ."

ಅವಳು ಕೌಂಟರಿನ ಹತ್ತಿರ ಬಂದು ನಿಂತಳು.

"ಅಷ್ಟು ಜನರ ಮುಂದೆ ಅಂದ್ಬಿಟ್ಟೆ. ಒಂದ್ಸಲ ಮೂಸಿ ಕೂಡ ನೋಡ್ಲಿಲ್ಲ."

"ಈಗ ನೋಡ್ರಿ."

ಅವನು ಕೌಂಟರಿನ ಮೇಲೆ ಕೈ ಚಾಚಿದ. ಅವಳು ಬಾಗಿದಳು. ಗುಲಾಬಿ, ಕೇದಿಗೆ, ಲಾವಂಚ ತುಂಬಿದ್ದ ಆ ಅಂಗಡಿಯಲ್ಲಿ ಅವನ ಕೈಗೆ ಬರೀ ಕಡಲೆಹಿಟ್ಟಿನ ವಾಸನೆ. ದಿನವೂ ಉಜ್ಜಿ ಉಜ್ಜಿ ತೊಳೆದು ಬರುತ್ತಿದ್ದನೇನೋ.

"ನಾವು ಓಡ್ಸಿದ ಮೇಲಾದ್ರೂ ಹಚ್ಕೋಬೋದಿತ್ತಲ್ಲ?"

"ನಾಳೆ ಕರೀಬೋದೇನೋ ಅಂತ..."

ಸುಮೈರಾಳ ಕಣ್ಣು ತುಂಬಿ ಬಂತು. ಅವನು ಗಾಬರಿಯಾಗಿ, ಏನು ಮಾಡಬೇಕೆಂದು ತೋಚದೆ, ಒಂದು ಶೀಷೆಯ ಮುಚ್ಚಳ ತೆಗೆದು ಗಾಜಿನ ಕಡ್ಡಿ ಎತ್ತಿದ. "ಗುಲಾಬಿ. ನಿಮ್ಮ ಕೈಗೆ ಒಂದೇ ಹನಿ ಹಚ್ಲಾ?"

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅವನ ಮುಖ ಸಪ್ಪಗಾಯಿತು.

"ಇವತ್ತು ಬ್ಯಾಡ್ರಿ. ನಾಳೆ ಎಲ್ರ ಮುಂದೆ ನನ್ನ ತಪ್ಪು ಹೇಳೋದೈತೆ, ನೀವು ಪಕ್ಕದಾಗಿರ್ಬೇಕು. ಅದಾದ್ಮೇಲೆ ಪೆಟ್ಟಿಗೆ ತೆಗೆದು ನೋಡ್ಬೇಕು, ಇಬ್ರೂ." ಅವಳು ಕಣ್ಣೊರೆಸಿಕೊಂಡು, ಅವನ ಕತ್ತಿನ ಊತವನ್ನು ನೋಡುತ್ತ ದನಿ ತಗ್ಗಿಸಿದಳು. "ಶುಕ್ರವಾರ ನಿಮ್ಮನೆಯೋರನ್ನ ನಮ್ಮನೆಗೆ ಕಳ್ಸ್ರಿ. ಮಾತು ಮುಗಿದ ಮೇಲೆ ಹಚ್ರಿ. ಆವಾಗ ಕೈ ಎಳ್ಕೊಳಲ್ಲ."

ಕಡ್ಡಿಯ ತುದಿಯ ಹನಿ ಶೀಷೆಗೇ ವಾಪಸು ಬಿತ್ತು. ನೌಮಾನ್ ಮುಚ್ಚಳ ಹಾಕುವುದನ್ನೇ ಮರೆತು ನಿಂತ. ಅವಳೇ ಹಾಕಿಕೊಟ್ಟಳು.

"ಮತ್ತೆ ಹಣ್ಣು ತರೋ ಪದ್ಧತಿ ಐತಲ್ಲ," ಎಂದಳು ಬಾಗಿಲಲ್ಲಿ ನಿಂತು, "ಸೇಬು ತರಾಕೆ ಹೇಳ್ರಿ. ಬಾಳೆಹಣ್ಣು ತಂದ್ರೆ ಒಳಗೆ ಬಿಡಲ್ಲ."

ಆಗ ಅವನು ನಕ್ಕ, ಮೊದಲಿನ ಹಾಗೆ.