ಕೊರಳಲ್ಲಿ ಸವತಿ

"ಅಂಗೆ ಕೂಗಿದ್ದು ಯಾರು?"

ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಆರಿತ್ತು; ಅದರೊಳಗೆ ಪದ್ಮಶ್ರೀ ಒಬ್ಬಳೇ ನಿಂತು ತನ್ನನ್ನೇ ಕೇಳಿಕೊಂಡಳು. ತಲೆಯ ಮೇಲೆ ಸಾಲುಸಾಲಾಗಿ ತೂಗುತ್ತಿದ್ದ ಹೊಗೆಸೊಪ್ಪು ಹಳದಿ ತಿರುಗಿ ಸುಮ್ಮನಿತ್ತು.

ಕೈ ಕೊರಳಿಗೆ ಹೋಯಿತು. ಕರಿಮಣಿಯ ನಡುವೆ ಪುಟ್ಟ ಬೆಳ್ಳಿಬಿಲ್ಲೆ. ಜ್ವರದಲ್ಲಿ ತೀರಿಕೊಂಡ, ಗಂಡನ ಮೊದಲ ಹೆಂಡತಿ ಪ್ರಮೀಳಾಳ ಹೆಸರಿನಲ್ಲಿ, ಮದುವೆಯ ದಿನ ಅತ್ತೆ ಸುನಂದಮ್ಮ ಪೋಣಿಸಿದ್ದು. "ಹಿರಿಯೋಳು ಮುನೀಬಾರ್ದು ಕಣವ್ವ," ಎಂದಿದ್ದರು. ಪ್ರಮೀಳಾ ಹೋದಾಗಿನಿಂದ ಅವಳ ಕೋಣೆಗೂ ಬೀಗ. ಹೊಸ ಗಂಡಹೆಂಡತಿ ನಡುಮನೆಯಲ್ಲಿ, ಅತ್ತೆಯ ಎಡಕ್ಕೊಬ್ಬರು ಬಲಕ್ಕೊಬ್ಬರು ಮಲಗುತ್ತಿದ್ದರು.

ಬಂದಾಗಿನಿಂದ ಪಿಸುಮಾತು ದಾಟದ ಪದ್ಮಶ್ರೀ, ಈ ಬೆಳಿಗ್ಗೆ ಆ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದವಳು, ಪೊರಕೆ ಎಸೆದು ಕೂಗಿದ್ದಳು.

"ತೆಗೀರಿ ಈ ಬೀಗಾನ!"

ಮನೆ ಗುಂಯ್ ಎಂದಿತ್ತು. ಸುನಂದಮ್ಮ ಕಾಲಿಗೇ ಬಿದ್ದರು. "ಪ್ರಮೀಳಾ, ಇವಳ ಮೈಮೇಲೆ ಬಂದ್ಯೇನವ್ವ?"

ಅತ್ತೆ, ಸೊಸೆಯ ಕಾಲಿಗೆ! ಪದ್ಮಶ್ರೀ ಅಲ್ಲಿಂದ ಬ್ಯಾರನ್ನಿಗೆ ಓಡಿಬಂದಿದ್ದಳು.

ಈಗ ಒಂದು ಪದ್ಯ ಎತ್ತಿದಳು. ಭೇರ್ಯದ ತವರಿನಲ್ಲಿ, ತಾತ ಅಂಕಯ್ಯನ ಪಕ್ಕ ಕೂತು, ಜಗಲಿ ತುಂಬಿದ ಜನಕ್ಕೆ ರಾಗವಾಗಿ ಓದುತ್ತಿದ್ದ ಪದ್ಯ. ದನಿ ಗೋಡೆಗೆ ತಾಗಿ ಮರಳಿತು. ಮೈ ಜುಮ್ಮೆಂದಿತು. ಬೆಳಿಗ್ಗೆ ಕೂಗಿದ್ದೂ ಇದೇ ದನಿ!

"ಇಷ್ಟ್ ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?"

ಬಾಗಿಲಲ್ಲಿ ಗಂಡ ನಟರಾಜು. ಸದಾ ನೆಲ ನೋಡಿ ಮಾತಾಡುವವನ ಕಣ್ಣು ಇವತ್ತು ಅವಳ ಮುಖ ಬಿಟ್ಟು ಕದಲಲಿಲ್ಲ.

"ನೀವು ನಂಬ್ಲಿಲ್ವಾ, ಅತ್ತೆಮ್ಮನಂಗೆ?"

"ಪ್ರಮೀಳಾ ಜೋರಾಗಿ ಸೀನ್ದೋಳೂ ಅಲ್ಲ ಕಣಮ್ಮಿ." ನಕ್ಕ. "ನೀನೇ ಅಂತ ಗೊತ್ತಾದಾಗ ಎದೆ ಧಸಕ್ ಅಂತು. ಯಾರ್ ಜೊತೆ ಸಂಸಾರ ಮಾಡ್ತಿದ್ದೀನಪ್ಪಾ ಅಂತ."

"ಎದ್ರಿಕೆ ಆಯ್ತಾ?"

"ಆಯ್ತು. ಇಷ್ಟಾನೂ ಆಯ್ತು." ಅವಳ ಕೆನ್ನೆಗಂಟಿದ ಮಸಿಯನ್ನು ಹೆಬ್ಬೆರಳಲ್ಲಿ ಒರೆಸಿದ. ಮಸಿ ಹೋದ ಮೇಲೂ ಬೆರಳು ಅಲ್ಲೇ ಇತ್ತು.

ಆಮೇಲೆ ದನಿ ತಗ್ಗಿಸಿದ. "ಅವ್ವ ಬೀಗದ್ಕೈ ಹಿಡ್ಕಂಡು ಕಾಯ್ತಾ ಕುಂತದೆ. ಇನ್ನೊಂದ್ ಸಲ ಪ್ರಮೀಳಾ ಆಗ್ಬುಡು. 'ಕೋಣೆ ಇವ್ರಿಗೆ ಕೊಡು' ಅನ್ನು, ಸಾಕು. ಇವತ್ತಿಂದ ನಮ್ದೇ."

ಆಸೆ ಅವಳ ಕಿವಿಯವರೆಗೂ ಕೆಂಪಾಗಿ ಏರಿತು. ಆದರೆ ಪ್ರಮೀಳಾ ಆಗಿ ಬಾಗಿಲು ತೆಗೆಸಿದರೆ, ಒಳಗೂ ಪ್ರಮೀಳಾ ಆಗಿಯೇ ಬಾಳಬೇಕಲ್ಲ? ಬೆಳ್ಳಿಬಿಲ್ಲೆಯನ್ನು ಮೆಲ್ಲಗೆ ಸವರಿದಳು, ಮಲಗಿದವರ ಹಣೆ ಸವರುವಂತೆ.

"ಪಾಪ, ಅವಳನ್ಯಾಕೆ ಎಬ್ಬಿಸ್ತೀರಿ? ಅತ್ತೆಮ್ಮನ್ನ ನಾನೇ ಕೇಳ್ತೀನಿ, ನನ್ ಹೆಸರಲ್ಲೇ. ಕೊಡಲ್ಲ ಅಂದ್ರೆ ನಡುಮನೇಲೇ ಮಲಗಣ."

"ಒಂದೇ ಸಲ ಕಣಮ್ಮಿ. ನನ್ಗೋಸ್ಕರ."

ಅವನ ಕೈ ಹಿಡಿದು, ಬ್ಯಾರನ್ ತುಂಬುವ ದನಿಯಲ್ಲಿ ಹೇಳಿದಳು:

"ಆಗಲ್ಲ."